ಎರಡು ಲೋಹಗಳು ಕೂಡುವ ಗಡಿಯಲ್ಲಿ



ನಮ್ಮ ಜಿಲ್ಲೆಗೆ ವಿದ್ಯುತ್ತು ಹೊಸದಲ್ಲ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್, ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರಗಳಿವೆ. ಎಲೆಕ್ಟ್ರಾನುಗಳು ಹರಿಯುವುದೇ ವಿದ್ಯುತ್ ಪ್ರವಾಹವೆಂದು ನೀವು ಓದಿದ್ದೀರಿ. ಆದರೆ ಎಲೆಕ್ಟ್ರಾನಿಗೆ ವಿದ್ಯುದಾವೇಶದ ಜೊತೆಗೆ ಸ್ಪಿನ್ ಎಂಬ ಇನ್ನೊಂದು ಗುಣವೂ ಇದೆ. ಅದರಿಂದಾಗಿ ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ.

ಒಂದು ಉದಾಹರಣೆ ನೋಡೋಣ. ಇಂಡಿಯಿಂದ ಸಿಂದಗಿಗೆ ಬಿಳಿ ರುಮಾಲಿನ ನೂರು ಜನ ಹೊರಟರು; ಸಿಂದಗಿಯಿಂದ ಇಂಡಿಗೆ ಕೆಂಪು ರುಮಾಲಿನ ನೂರು ಜನ ಬಂದರು. ಎರಡೂ ಊರಿನ ಜನಸಂಖ್ಯೆ ಬದಲಾಗಲಿಲ್ಲ, ಬಣ್ಣ ಮಾತ್ರ ಸಾಗಿತು. ಸ್ಪಿನ್ ಪ್ರವಾಹವೂ ಹೀಗೆಯೇ. ಒಟ್ಟಾರೆ ಆವೇಶ ಹರಿಯದೆ ಸ್ಪಿನ್ ಮಾತ್ರ ಹರಿಯುತ್ತದೆ.

ಆದರೆ ನಮ್ಮ ಬ್ಯಾಟರಿ ಕೊಡುವುದು, ಮೀಟರು ಅಳೆಯುವುದು ಆವೇಶದ ಪ್ರವಾಹವನ್ನು. ಆದ್ದರಿಂದ ಒಂದನ್ನು ಇನ್ನೊಂದಾಗಿ ಪರಿವರ್ತಿಸಬೇಕು. ಇದು ಸಾಧ್ಯವೆಂದು 1971ರಲ್ಲಿ ಡ್ಯಾಕೊನೊವ್ ಮತ್ತು ಪೆರೆಲ್ ಎಂಬ ಸೋವಿಯತ್ ವಿಜ್ಞಾನಿಗಳು ಹೇಳಿದರು. ಆವೇಶದ ಪ್ರವಾಹದಿಂದ ಸ್ಪಿನ್ ಪ್ರವಾಹ ಹುಟ್ಟುವುದು ಪ್ರಯೋಗದಲ್ಲಿ ಕಂಡದ್ದು 2004ರಲ್ಲಿ.

2013ರಲ್ಲಿ ಫ್ರಾನ್ಸಿನ ಒಂದು ತಂಡ ಬೆಳ್ಳಿ ಮತ್ತು ಬಿಸ್ಮತ್ತಿನ ತೆಳುಪೊರೆಗಳನ್ನು ಜೋಡಿಸಿತು. ನೊಬೆಲ್ ಪುರಸ್ಕೃತ ಆಲ್ಬರ್ಟ್ ಫೆರ್ ಆ ತಂಡದಲ್ಲಿದ್ದರು. ಪಕ್ಕದ ಕಾಂತೀಯ ಪೊರೆಯಿಂದ ಸ್ಪಿನ್ ಪ್ರವಾಹವನ್ನು ಅದರೊಳಗೆ ಹಾಯಿಸಿದರು. ಬೆಳ್ಳಿಯೊಂದೇ ಇದ್ದಾಗ, ಬಿಸ್ಮತ್ತೊಂದೇ ಇದ್ದಾಗ ಪರಿಣಾಮ ಅತ್ಯಲ್ಪ. ಎರಡೂ ಕೂಡಿದಾಗ ವಿದ್ಯುತ್ ಪ್ರವಾಹ ಸ್ಪಷ್ಟವಾಗಿ ಹುಟ್ಟಿತು! ಕಾರಣವೇನು? ತಾಮ್ರದ ಪಾತ್ರೆಗೆ ತವರದ ಕಲಾಯಿ ಹಾಕಿದ್ದನ್ನು ನೆನೆಯಿರಿ. ಅಲ್ಲಿ ಎರಡು ಲೋಹ ಸೇರುವ ಒಂದು ಗಡಿ ಇರುತ್ತದೆ. ಅಂಥ ಗಡಿಯಲ್ಲಿ ಒಂದು ಬದಿಗೆ ಒಂದು ಲೋಹ, ಇನ್ನೊಂದು ಬದಿಗೆ ಬೇರೆಯದು, ಸಮತೋಲನವಿಲ್ಲ. ಬೆಳ್ಳಿ-ಬಿಸ್ಮತ್ತಿನ ಗಡಿಯಲ್ಲಿ ಈ ಅಸಮತೆ ಬಿಸ್ಮತ್ತಿನ ಭಾರವಾದ ಪರಮಾಣುಗಳೊಡನೆ ಸೇರಿ ಎಲೆಕ್ಟ್ರಾನಿನ ಚಲನೆಯ ದಿಕ್ಕಿಗೂ ಸ್ಪಿನ್ನಿನ ದಿಕ್ಕಿಗೂ ಗಂಟು ಹಾಕುತ್ತದೆ. ಸ್ಪಿನ್ ಒಳಬಂದರೆ ಎಲೆಕ್ಟ್ರಾನುಗಳು ಪಕ್ಕಕ್ಕೆ ಸರಿಯುತ್ತವೆ.

ಇದರ ಪ್ರಯೋಜನವೇನು ಎಂದು ನೀವು ಕೇಳಬಹುದು. ಇದರ ವಿಲೋಮ ಕ್ರಿಯೆಯಲ್ಲಿ ವಿದ್ಯುತ್ತಿನಿಂದ ಸ್ಪಿನ್ ಪಡೆದು, ಕಂಪ್ಯೂಟರ್ ಸ್ಮೃತಿಯ ಸೂಕ್ಷ್ಮ ಅಯಸ್ಕಾಂತವನ್ನು ತಿರುಗಿಸಬಹುದು. ಕರೆಂಟು ಹೋದರೂ ಅಂಥ ಸ್ಮೃತಿ ಅಳಿಯದು. ಆದರೆ ಪರಿವರ್ತನೆಯಲ್ಲಿ ಇನ್ನೂ ಬಹಳಷ್ಟು ನಷ್ಟವಾಗುತ್ತದೆ. ಅದನ್ನು ಕಡಿಮೆ ಮಾಡುವುದೇ ಇಂದಿನ ಸವಾಲು.

ವಿದ್ಯಾರ್ಥಿಗಳೇ, ಪಿಯುಸಿ ವಿಜ್ಞಾನ ಎಂದರೆ ವೈದ್ಯಕೀಯ, ಇಂಜಿನಿಯರಿಂಗ್ ಎರಡೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಪಿನ್‌ಟ್ರಾನಿಕ್ಸ್ ಸಂಶೋಧನೆ ನಡೆಯುತ್ತಿದೆ. ಪಿಯುಸಿ ಮುಗಿಸಿದವರಿಗಾಗಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನೂ ಅದು 2011ರಿಂದ ನಡೆಸುತ್ತಿದೆ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಮಗ ಅಥವಾ ಮಗಳು ಭೌತಶಾಸ್ತ್ರ ಓದುತ್ತೇನೆಂದರೆ "ಅದರಿಂದ ಏನು ಸಿಗುತ್ತದೆ?" ಎಂದು ಬಾಗಿಲು ಮುಚ್ಚಬೇಡಿ. ಈ ವಿಷಯದಲ್ಲಿ ಬಿಡಿಸಬೇಕಾದ ಲೆಕ್ಕಗಳು ಇನ್ನೂ ಬೇಕಾದಷ್ಟಿವೆ.