ಮುಖ ಕೆಂಪಾದರೆ ತಪ್ಪು ಮಾಡಿದಂತಲ್ಲ



ತರಗತಿಯಲ್ಲಿ ಮೇಷ್ಟ್ರು ನಿಮ್ಮ ಹೆಸರು ಕರೆಯುತ್ತಾರೆ. ಉತ್ತರ ನಿಮಗೆ ಗೊತ್ತು. ಆದರೂ ಎದ್ದು ನಿಂತ ಕೂಡಲೇ ಕಿವಿ ಬಿಸಿಯಾಗುತ್ತದೆ, ಕೆನ್ನೆ ಕೆಂಪೇರುತ್ತದೆ, ಮಾತು ಗಂಟಲಲ್ಲೇ ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಾರೆ. ಮರುದಿನದಿಂದ ನೀವು ಕೈ ಎತ್ತುವುದನ್ನೇ ಬಿಡುತ್ತೀರಿ. ಚಿಕ್ಕಬಳ್ಳಾಪುರವಿರಲಿ, ಗೌರಿಬಿದನೂರಿರಲಿ, ಚಿಂತಾಮಣಿ, ಶಿಡ್ಲಘಟ್ಟಗಳಿರಲಿ, ಇಂಥ ಮಕ್ಕಳು ಎಲ್ಲೆಡೆ ಇದ್ದಾರೆ. ಈ ಮಾತುಗಳು ಅವರಿಗಾಗಿ.

ಮುಖ ಕೆಂಪಾಗುವುದು ನಮ್ಮ ಇಚ್ಛೆಯಿಂದಲ್ಲ. ನಾಚಿಕೆ, ಅಂಜಿಕೆ ಉಂಟಾದಾಗ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ. ಮುಖದ ಚರ್ಮದಡಿಯ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಬರೆದು, ಎಲ್ಲ ಭಾವಗಳಲ್ಲಿ ಮನುಷ್ಯನಿಗೇ ವಿಶೇಷವಾದದ್ದು ಇದೆಂದ. ಹಾಗಾಗಿ ಇದು ಕಳ್ಳತನದ ಗುರುತೂ ಅಲ್ಲ, ಹೇಡಿತನದ ಗುರುತೂ ಅಲ್ಲ.

ತೊಂದರೆ ಶುರುವಾಗುವುದು 'ಎಲ್ಲಿ ಕೆಂಪಾಗಿಬಿಡುತ್ತೇನೋ' ಎಂಬ ಭಯದಿಂದ. ಭಯಪಟ್ಟಷ್ಟೂ ಮುಖ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಭಯ ಹೆಚ್ಚುತ್ತದೆ. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಅನೇಕರ ಮೈಬಣ್ಣಕ್ಕೆ ಆ ಕೆಂಪು ಎದುರಿನವರಿಗೆ ಅಷ್ಟಾಗಿ ಕಾಣುವುದೇ ಇಲ್ಲ. ಬಿಸಿ ತಿಳಿಯುವುದು ನಮಗೆ ಮಾತ್ರ.

ಪರಿಹಾರವೇನು? ಮುಖ ಸದಾ ಕೆಂಪಾಗಿದ್ದರೆ, ಉರಿ ಅಥವಾ ಗುಳ್ಳೆಗಳಿದ್ದರೆ ಮೊದಲು ಚರ್ಮವೈದ್ಯರಿಗೆ ತೋರಿಸಿ. ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಕ್ರೀಮುಗಳು ಚರ್ಮವನ್ನು ತೆಳುವಾಗಿಸಿ ಮುಖವನ್ನೇ ಕೆಂಪಾಗಿಸುತ್ತವೆ. ಇಂಥ 14 ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ.

ಅಂಜಿಕೆಯೇ ಕಾರಣವಾದರೆ ಮನೋಚಿಕಿತ್ಸೆ ಫಲ ಕೊಡುತ್ತದೆ. ಗಮನವನ್ನು ಸ್ವಂತ ಕೆನ್ನೆಯಿಂದ ತೆಗೆದು ಆಡುವ ಮಾತಿನ ಮೇಲೆ, ಕೇಳುವವರ ಮೇಲೆ ಇಡುವುದನ್ನು ಕಲಿಸುತ್ತಾರೆ. ಮೊದಲು ಇಬ್ಬರ ಮುಂದೆ, ಆಮೇಲೆ ಹತ್ತು ಜನರ ಮುಂದೆ ಮಾತಾಡಿ ರೂಢಿ ಮಾಡಿಕೊಳ್ಳಬೇಕು. ತಪ್ಪಿಸಿಕೊಂಡಷ್ಟೂ ಭಯ ಬೇರೂರುತ್ತದೆ. ಕೆಲವರಿಗೆ ವೈದ್ಯರು ಪ್ರೊಪ್ರಾನೊಲಾಲ್‌ನಂಥ ಮಾತ್ರೆ ಕೊಡುವುದುಂಟು. ಅದು ಆಸ್ತಮಾ ಇರುವವರಿಗೆ ಅಪಾಯ, ತಾವಾಗಿಯೇ ಯಾರೂ ನುಂಗಬಾರದು. ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಅದಾದ ಮೇಲೆ ಬೆನ್ನು, ಹೊಟ್ಟೆಗಳಲ್ಲಿ ವಿಪರೀತ ಬೆವರು ಸುರಿಯುವ ತೊಂದರೆ ಅನೇಕರಿಗೆ ಉಳಿಯುತ್ತದೆ. ಬೇರೆಲ್ಲ ದಾರಿ ಮುಗಿಯದೆ ಅದರ ಯೋಚನೆ ಬೇಡ.

ಯಾರಲ್ಲಿ ಕೇಳುವುದೆಂಬ ಸಂಕೋಚ ಬೇಡ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಅಂಜುವವರಿಗೆ ಅದೂ ಒಂದು ಅನುಕೂಲ.

ಪೋಷಕರೇ, ಶಿಕ್ಷಕರೇ, ಮಗುವಿನ ಮುಖ ಕೆಂಪಾದಾಗ 'ನೋಡಿ, ಹೇಗೆ ನಾಚಿಕೊಂಡ' ಎಂದು ನಾಲ್ಕು ಜನರ ಮುಂದೆ ಹೇಳಬೇಡಿ. ಒಂದು ನಿಮಿಷ ಕಾಯಿರಿ. ಕೆನ್ನೆಯ ಬಿಸಿ ತಾನಾಗಿ ಇಳಿಯುತ್ತದೆ. ನಗೆಪಾಟಲಾದ ಮಗು ಮಾತ್ರ ಮತ್ತೆ ಎದ್ದು ನಿಲ್ಲಲು ವರ್ಷಗಳೇ ಬೇಕಾಗಬಹುದು.

ವಿದ್ಯಾರ್ಥಿಗಳೇ, ಮುಖ ಕೆಂಪಾದರೆ ಆಗಲಿ. ಉತ್ತರ ಗೊತ್ತಿದ್ದರೆ ಕೈ ಎತ್ತಿ.