ಅಂಕವೆಂಬ ಚರಾಕ್ಷರ



ರಂ. ಶ್ರೀ. ಮುಗಳಿಯವರು ಕನ್ನಡ ಬೋಧಿಸಿದ ವಿಲಿಂಗ್ಡನ್ ಕಾಲೇಜು ನಮ್ಮ ವಿಶ್ರಾಮಬಾಗದಲ್ಲಿಯೇ ಇದೆ; ವಾಲಚಂದ ಇಂಜಿನಿಯರಿಂಗ್ ಕಾಲೇಜೂ ಇಲ್ಲಿಯೇ. ಕಂಪ್ಯೂಟರ್ ವಿದ್ಯೆಯನ್ನೂ ಮಗು ಕನ್ನಡದಲ್ಲಿಯೇ ಆರಂಭಿಸಬಹುದೆಂಬುದು ನಮ್ಮ ನಂಬಿಕೆ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಚರಾಕ್ಷರಕ್ಕೆ ‘ಅಂಕ’ವೆಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದಾಗಿದೆ.

ಆದರೆ ಫಂಕ್ಷನ್ನಿನೊಳಗೆ ‘ಅಂಕ = 35’ ಎಂದು ಬರೆದು, ‘ಲೋಕಲ್ಸ್’ ನೀಡುವ ಹೆಸರುಪಟ್ಟಿಯಲ್ಲಿ ಅದನ್ನು 40 ಎಂದು ತಿದ್ದಿ ನೋಡಿರಿ. ದೋಷಸೂಚನೆ ಬಾರದು, ಅಂಕ ಮಾತ್ರ 35 ಆಗಿಯೇ ಉಳಿಯುವುದು. ಯಂತ್ರ ಹೀಗೆ ಮೌನವಾದಾಗ ಮಗು ತನ್ನನ್ನೇ ದಡ್ಡನೆಂದುಕೊಳ್ಳುತ್ತದೆ. ಕಾರಣವನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳುವವರು ಬೇಕು.

ಪೈಥಾನ್ ಸಾಲುಸಾಲಾಗಿ ಓದಿ ನಡೆಸುವ ಭಾಷೆಯೆಂದು ಹೇಳುವುದುಂಟು, ಅದು ಅರ್ಧಸತ್ಯ. ಫಂಕ್ಷನ್ ನಡೆಯುವ ಮೊದಲೇ ಅದರೊಳಗಿನ ಹೆಸರುಗಳಿಗೆ ಕ್ರಮಸಂಖ್ಯೆಯ ಸ್ಥಾನಗಳು ಗೊತ್ತಾಗಿರುತ್ತವೆ. ವೇಗಕ್ಕಾಗಿ ಈ ಏರ್ಪಾಡು. ಲೋಕಲ್ಸ್ ನೀಡುವುದು ಅವುಗಳ ನಕಲು. ಅಂಕಪಟ್ಟಿಯ ಝೆರಾಕ್ಸ್ ಪ್ರತಿಯನ್ನು ತಿದ್ದಿದರೆ ಕಚೇರಿಯ ರಿಜಿಸ್ಟರು ಬದಲಾದೀತೆ? 2024ರ ಪೈಥಾನ್ 3.13 ಇದನ್ನೇ ಸ್ಪಷ್ಟ ನಿಯಮವಾಗಿಸಿತು: ಫಂಕ್ಷನ್ನಿನೊಳಗೆ ಕರೆದಾಗಲೆಲ್ಲ ಹೊಸ ನಕಲು. ಮೂಲವನ್ನೇ ತಿದ್ದಬೇಕಾದ ಡಿಬಗರುಗಳಿಗೆ ಬೇರೆಯೇ ಬಾಗಿಲನ್ನಿಟ್ಟಿತು.

ಕಾರ್ಯಕ್ರಮ ನಡೆಯುತ್ತಿರುವಾಗಲೇ ಹೆಸರುಗಳು ಹುಟ್ಟಬೇಕು, ಬೆಲೆಗಳು ಬದಲಾಗಬೇಕು ಎಂದಿದ್ದರೆ, ಮಕ್ಕಳು ತಮ್ಮದೇ ಡಿಕ್ಷನರಿಯೊಂದನ್ನು ಮಾಡಿ ಅವನ್ನು ಅದರಲ್ಲಿಡಲಿ. ಅಲ್ಲಿ ತಿದ್ದಿದ್ದು ತಿದ್ದಿದಂತೆಯೇ ನಿಲ್ಲುತ್ತದೆ.