ಕೆಲಸ ಮಾಡುತ್ತಲೇ ಕೆಲಸ ಕಲಿಯೋಣ
(ಕರಿಕೆಯ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಕರ್ನಾಟಕದ ಮೊದಲ ಡೇರಿ ಆರಂಭವಾದದ್ದು 1955ರಲ್ಲಿ, ನಮ್ಮ ಕೊಡಗಿನ ಕೂಡಿಗೆಯಲ್ಲಿ. ಆದರೆ ಕರಿಕೆಯಿಂದ ಹಾಲು ಹೊರಡಬೇಕಾದರೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ದಾರಿಯ ಪಾಡು ನಿಮಗೇ ಗೊತ್ತು. ಕೆಚ್ಚಲಿನಿಂದ ಬರುವಾಗ ಹಾಲಿನ ಬಿಸಿ ಸುಮಾರು 37 ಡಿಗ್ರಿ. ಅದನ್ನು 4 ಡಿಗ್ರಿಗೆ ತಣಿಸುವುದು ತಡವಾದಷ್ಟೂ ಸೂಕ್ಷ್ಮಜೀವಿಗಳು ಇಮ್ಮಡಿ, ನಾಲ್ಮಡಿಯಾಗುತ್ತವೆ. ದಾರಿಯನ್ನು ನಾವು ಚಿಕ್ಕದು ಮಾಡಲಾರೆವು. ಸಂಘದಲ್ಲಿ ಪೋಲಾಗುವ ವೇಳೆಯನ್ನು ಉಳಿಸಬಹುದು.

ಜಪಾನಿನ ಟೊಯೋಟ ಕಂಪನಿಯ ತಾಯಿಚಿ ಓನೊ ಅವರು ಕಾರ್ಖಾನೆಯಲ್ಲಿ ಏಳು ಬಗೆಯ ಪೋಲನ್ನು ಗುರುತಿಸಿದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಕೆ, ಸುಮ್ಮನೆ ಕಾಯುವುದು, ಅನಗತ್ಯ ಸಾಗಾಟ, ಬೇಡದ ಕೆಲಸ, ಹೆಚ್ಚಿನ ದಾಸ್ತಾನು, ವೃಥಾ ಓಡಾಟ, ಕೆಟ್ಟ ಮಾಲು. ಇವನ್ನು ತಗ್ಗಿಸುವ ಕ್ರಮಕ್ಕೆ ಲೀನ್ ಎಂದು ಹೆಸರು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ನಮ್ಮ ರಾಜ್ಯದ ಹಳ್ಳಿಯ ಮಕ್ಕಳೂ ಇಂಥ ಶಿಸ್ತನ್ನು ಕಲಿತಿದ್ದಾರೆ. ಕೆಲಸದ ಜಾಗದಲ್ಲೇ ಕಲಿಯುತ್ತ ಸ್ಟೈಪೆಂಡ್ ಪಡೆಯಲು ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯಿದೆಯೂ ಇದೆ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಸಂಘದಲ್ಲಿ 40 ಲೀಟರಿನ ಕ್ಯಾನಿನ ಹಾಲು ಒಡೆಯಿತು. ಕೊನೆಗೆ ಹಾಲು ಹಾಕಿದ ಬಡ ಹೆಂಗಸಿನ ಮೇಲೆ ಎಲ್ಲರಿಗೂ ಸಂಶಯ. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯರು ಯಾರನ್ನೂ ಬೈಯಲಿಲ್ಲ, "ಏಕೆ?" ಎಂದು ಕೇಳುತ್ತ ಹೋದರು. ಹಾಲು ಏಕೆ ಒಡೆಯಿತು? ಕ್ಯಾನಿನಲ್ಲಿ ಹುಳಿ ವಾಸನೆಯಿತ್ತು. ಏಕೆ? ತೊಳೆದ ಕ್ಯಾನನ್ನು ಒದ್ದೆಯಿರುವಾಗಲೇ ಮುಚ್ಚಿದ್ದರು. ಏಕೆ? ಬೋರಲು ಹಾಕಿ ಒಣಗಿಸಲು ಅಟ್ಟಣೆ ಇರಲಿಲ್ಲ. ಏಕೆ? ಅದು ಯಾರ ಕೆಲಸವೆಂದು ಯಾರೂ ಹೇಳಿರಲಿಲ್ಲ. ಮರುದಿನವೇ ನಾಲ್ಕು ಬಿದಿರುಗಳಿಂದ ಅಟ್ಟಣೆಯಾಯಿತು. ಆ ತಾಯಿ ತಲೆಯೆತ್ತಿ ಸಂಘಕ್ಕೆ ಬಂದರು. ಟೊಯೋಟದವರೂ ಹೀಗೆಯೇ ಐದು ಸಲ "ಏಕೆ" ಎಂದು ಕೇಳುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಓದು ಮುಗಿಸಿ ಮನೆಯಲ್ಲಿರುವ ಒಬ್ಬ ಯುವಕನನ್ನೋ ಯುವತಿಯನ್ನೋ ಒಂದು ತಿಂಗಳು ಕಾರ್ಯದರ್ಶಿಯವರ ಜೊತೆ ಕಲಿಯಲು ಬಿಡಿ. ಕೈಲಾದಷ್ಟು ಭತ್ಯೆ ಕೊಡಿ. ಹಾಲು ಬಂದ ವೇಳೆ, ಪರೀಕ್ಷೆ ಮುಗಿದ ವೇಳೆ, ಗಾಡಿ ಹೊರಟ ವೇಳೆಯನ್ನು ಅವರು ದಿನವೂ ಬರೆದಿಡಲಿ. ತಿಂಗಳ ಕೊನೆಗೆ ಆ ಪುಸ್ತಕವನ್ನು ಸಭೆಯಲ್ಲಿ ಓದಿ, ಅತಿ ಹೆಚ್ಚು ತಡವಾಗುವ ಒಂದೇ ಒಂದು ಕಡೆಯನ್ನು ಸರಿಪಡಿಸಿ. ನಂತರ ಇನ್ನೊಂದು.

ತಪ್ಪು ಯಾರದೆಂದು ಹುಡುಕುವ ಮೊದಲು ತಪ್ಪು ಎಲ್ಲಿ ಆಯಿತೆಂದು ನೋಡೋಣ. ಹಾಲೂ ಉಳಿಯುತ್ತದೆ, ನಮ್ಮೊಳಗಿನ ವಿಶ್ವಾಸವೂ ಉಳಿಯುತ್ತದೆ.